ಹದಿನೇಳನೇ ಮನೆ ಯಾರಿಗೆ

ಹೊಳೆ ರಬಕವಿಯ ಕೆಳಗಿನ ಓಣಿಗೆ ನುಗ್ಗಿದ ವರ್ಷ ಶೇವಂತಿಯ ಮನೆ ಕರಗಿ ಹೋಯಿತು. ಮಣ್ಣಿನ ಗೋಡೆ ಮೂರು ದಿನ ನೀರಿನಲ್ಲಿ ನಿಂತರೆ ಬೇರೇನಾದೀತು! ಮನೆಯ ಜೊತೆ ಮಗ್ಗವೂ ಹೋಯಿತು. ಅದೇ ವರ್ಷ ದೀಪಾವಳಿಯ ಹೊತ್ತಿಗೆ ಗಂಡ ರಾಚಪ್ಪನಿಗೆ ಲಕ್ವಾ ಹೊಡೆದು ಬಲಗೈ ಜೋತುಬಿತ್ತು. ಲಾಳಿ ಹೊಡೆಯುವ ಕೈ ಅದು. ಅಲ್ಲಿಂದ ಮುಂದೆ, ಸಾಲ ಮಾಡಿ ತಂದ ಹಳೆಯ ಮಗ್ಗಕ್ಕೆ ಕೂತವಳು ಶೇವಂತಿ. ಆ ಕಾಲಕ್ಕೆ ರಬಕವಿಯ ಹೆಂಗಸರು ನೂಲು ಬಿಡಿಸುತ್ತಿದ್ದರು, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು, ನೂಲಿಗೆ ಗಂಜಿ ಹಚ್ಚುತ್ತಿದ್ದರು. ಸೀರೆ ನೇಯುವುದು ಮಾತ್ರ ಗಂಡಸರ ಕೆಲಸ. ಶೇವಂತಿ ಯಾರನ್ನೂ ಕೇಳಲಿಲ್ಲ. ಇಪ್ಪತ್ತು ವರ್ಷ ಗಂಡನ ಮಗ್ಗದ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತಿದವಳಿಗೆ ನೇಯ್ಗೆ ಕಣ್ಣಿನಿಂದಲೇ ಬಂದುಬಿಟ್ಟಿತ್ತು. ಮೊದಲ ಸೀರೆಯ ಅಂಚು ಸೊಟ್ಟಗಾಯಿತು, ಮೂರನೆಯದು ನೆಟ್ಟಗೆ ಬಂತು.

ತೇರದಾಳದ ನೇಮಣ್ಣ ಸಾವಕಾರರು ಸೀರೆ ವ್ಯಾಪಾರದ ದೊಡ್ಡ ಜೈನ ಮನೆತನದವರು. ಹೊಳೆಗೆ ಮನೆ ಕಳೆದುಕೊಂಡ ನೇಕಾರರಿಗಾಗಿ, ತೀರಿಹೋದ ತಾಯಿ ಅಕ್ಕಮ್ಮನ ಹೆಸರಿನಲ್ಲಿ, ಬನಹಟ್ಟಿ ದಾರಿಯ ದಿನ್ನೆಯ ಮೇಲೆ ಎದುರುಬದುರು ಎರಡು ಸಾಲಿನಲ್ಲಿ ಇಪ್ಪತ್ನಾಲ್ಕು ಮನೆ ಕಟ್ಟಿಸಿದರು. ಬಾಡಿಗೆ ಹೆಸರಿಗೆ ಮಾತ್ರ. ಜನ ಅದನ್ನು ಅಕ್ಕಮ್ಮನ ಚಾಳ ಎಂದರು. ಕಟ್ಟಿದವನು ಕುಡಚಿ ಸ್ಟೇಷನ್ನಿನಲ್ಲಿ ರೇಲ್ವೆಯವರಿಗೆ ಮನೆ ಕಟ್ಟಿಕೊಟ್ಟು ಹೆಸರು ಮಾಡಿದ್ದ ಮೇಸ್ತ್ರಿ. ಕಲ್ಲಿನ ಗೋಡೆ, ಮೇಲೆ ಹಂಚು, ಕಿಟಕಿಗೆ ಕಬ್ಬಿಣದ ಸರಳು, ನೆಲಕ್ಕೆ ಗಾರೆ ಹಾಕಿ ಕೂರಿಸಿದ ಫರಸಿ ಕಲ್ಲು. ಮೊದಲ ದಿನ ಹೆಂಗಸರು ಆ ಫರಸಿಯ ಮೇಲೆ ಬರಿಗಾಲಲ್ಲಿ ಓಡಾಡಿ ಸಂತೋಷಪಟ್ಟರು. ಎರಡನೆಯ ದಿನ ಒಬ್ಬೊಬ್ಬರಾಗಿ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಗ್ಗ ಎಲ್ಲಿ ಹೂಡುವುದು?

ನೇಕಾರನ ಮಗ್ಗಕ್ಕೆ ನೆಲದಲ್ಲಿ ಕುಣಿ ಬೇಕು. ಸೊಂಟದ ತನಕ ಕಾಲು ಇಳಿಬಿಟ್ಟು, ಕುಣಿಯ ಅಂಚಿನ ಮೇಲೆ ಕೂತು, ಕೆಳಗಿನ ಹಲಗೆ ತುಳಿಯುತ್ತ ನೇಯಬೇಕು. ಫರಸಿಯ ಮೇಲೆ ಕುಣಿ ತೋಡಲು ಬರುವುದಿಲ್ಲ. ಫರಸಿ ಕೀಳಬಾರದು ಎಂದು ಚಾಳದ ಉಸ್ತುವಾರಿ ನೋಡುವ ದಿವಾಣಜಿ ಹೊಳಬಸಪ್ಪ ಮೊದಲೇ ಕಾಯ್ದೆ ಬರೆದು ಬಾಗಿಲಿಗೆ ಅಂಟಿಸಿದ್ದ. ಕೆಲವರು ಹೊಳೆ ದಂಡೆಯ ಬಿದ್ದ ಮನೆಗಳಲ್ಲೇ ತಟ್ಟಿ ಕಟ್ಟಿಕೊಂಡು ನೇಯಲು ಹೋಗುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ಅಲ್ಲಿ, ಉಣ್ಣಲು ಮಲಗಲು ಇಲ್ಲಿ. ಕೈಲಾಗದ ಗಂಡನನ್ನು ಬಿಟ್ಟು ಅಷ್ಟು ದೂರ ಹೋಗಲು ಶೇವಂತಿಗೆ ಆಗುತ್ತಿರಲಿಲ್ಲ. ಹದಿನೈದು ದಿನ ನೋಡಿದಳು. ಹದಿನಾರನೆಯ ದಿನ ಹಾರೆ ತಂದು ತನ್ನ ಮನೆಯ ಮೂರು ಫರಸಿ ಎಬ್ಬಿಸಿ ಕುಣಿ ತೋಡಿದಳು.

ಮೂರನೆಯ ದಿನ ಹೊಳಬಸಪ್ಪ ಬಂದ. ಸಣಕಲು ಮೈ, ನೀಟಾಗಿ ಸುತ್ತಿದ ರುಮಾಲು, ಬಗಲಲ್ಲಿ ಕೊಡೆ. ಬಾಗಿಲಲ್ಲೇ ನಿಂತು ಒಳಗೆ ನೋಡಿದ. ಶೇವಂತಿ ಮಗ್ಗದಲ್ಲಿ ಕೂತಿದ್ದಳು.

"ಇದೇನಬೇ ಶೇವಂತಿ? ಫರಸಿ ಕಿತ್ತೀಯಲ್ಲ?"

"ಕುಣಿ ಇಲ್ದ ಹ್ಯಾಂಗ ನೇಯೂದ್ರಿ ದಿವಾಣಜ್ಯಾರ?"

"ನೇಯೂದು ನಿನ್ನ ಕೆಲಸ. ಫರಸಿ ಕಾಯೂದು ನನ್ನ ಕೆಲಸ. ಕಾಯ್ದೆ ಓದಿಲ್ಲೇನು?"

"ನನಗ ಓದಾಕ ಬರೂದಿಲ್ರಿ."

"ಓದಿ ಹೇಳಿದ್ನೆಲ್ಲ ಅವತ್ತು. ಎಂಟು ದಿನದಾಗ ಮನಿ ಬಿಡು." ಕೊಡೆಯನ್ನು ಗೋಡೆಗೆ ಆನಿಸಿ, ಅಲ್ಲೇ ನಿಂತು ನೋಟೀಸು ಬರೆದು, ಮೂಲೆಯಲ್ಲಿ ಕೂತಿದ್ದ ರಾಚಪ್ಪನ ಎಡಗೈಯಲ್ಲಿ ಇಟ್ಟು ಹೋದ. ಬೈಯಲಿಲ್ಲ, ಕೂಗಾಡಲಿಲ್ಲ. ಅದೇ ಶೇವಂತಿಗೆ ಹೆಚ್ಚು ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮರುದಿನ ನಸುಕಿನಲ್ಲಿ ರೊಟ್ಟಿ ಕಟ್ಟಿಕೊಂಡು ತೇರದಾಳದ ದಾರಿ ಹಿಡಿದಳು. ಜೊತೆಗೆ ಬರುತ್ತೇವೆಂದ ಮೂವರು ಗಂಡಸರು ಬೆಳಗಾಗುವಷ್ಟರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ನೆನಪಾಗಿ ಉಳಿದರು. ಒಬ್ಬಳೇ ನಡೆದಳು. ಬಿಸಿಲು ಏರುವ ಹೊತ್ತಿಗೆ ಸಾವಕಾರರ ಮನೆಯ ಕಟ್ಟೆಗೆ ಬಂದಳು. ಸಾವಕಾರರ ಹೆಂಡತಿ ರಾಜಮತಿ ಒಂದು ತಂಬಿಗೆ ಮಜ್ಜಿಗೆ ಕೊಟ್ಟು ಒಳಗೆ ಹೇಳಿ ಕಳಿಸಿದರು.

ನೇಮಣ್ಣ ಸಾವಕಾರರು ಗಾದಿಯ ಮೇಲೆ ಕೂತು ಸೀರೆಯ ಗಂಟು ಬಿಚ್ಚಿಸುತ್ತಿದ್ದರು. ನೋಟೀಸು ಓದಿದರು.

"ಫರಸಿ ಯಾಕ ಕಿತ್ತಿ?"

"ಧಣ್ಯಾರ, ನಿಮ್ಮ ಕೈಯಾಗ ಐತಲ್ರಿ, ಆ ಸೀರಿ ಎಲ್ಲಿ ಆತು?"

"ಮಗ್ಗದಾಗ."

"ಮಗ್ಗ ಎಲ್ಲಿರ್ತೈತ್ರಿ?"

ಸಾವಕಾರರು ಸೀರೆಯನ್ನು ಗಾದಿಯ ಮೇಲಿಟ್ಟರು.    ಶೇವಂತಿಯೇ ಮುಂದುವರಿಸಿದಳು, "ಮನಿ ಛಲೋ ಕಟ್ಟಿಸೀರಿ. ನಿಮ್ಮ ತಾಯಿ ಹೆಸರ ಹೇಳಿ ದಿನಾ ಕೈ ಮುಗೀತೀವಿ. ಆದ್ರ ಕಟ್ಟೂ ಮುಂದ ನಮ್ಮೊಳಗ ಒಬ್ಬರನ್ನ ಒಂದ ಮಾತ ಕೇಳಿದ್ರ, ಫರಸಿಯ ಖರ್ಚೂ ಉಳೀತಿತ್ತು, ನನ್ನ ಈ ಹಾದಿನೂ ಉಳೀತಿತ್ತು."

"ನಾಲ್ವತ್ತು ವರ್ಷ ಸೀರಿ ವ್ಯಾಪಾರ ಮಾಡೀನಿ," ಎಂದರು ಸಾವಕಾರರು. "ಮಗ್ಗಕ್ಕ ಕುಣಿ ಬೇಕಂತ ನನಗ ಗೊತ್ತಿರಲಿಲ್ಲಂದ್ರ ನೀ ನಂಬೂದಿಲ್ಲ. ಗೊತ್ತಿತ್ತು. ಹೊಳೀಲಿಲ್ಲ."

ಮುಂದಿನ ವಾರ ಚಕ್ಕಡಿಯಲ್ಲಿ ಬಂದರು. ಎಲ್ಲ ಮನೆಗಳನ್ನೂ ಹೊಕ್ಕು ನೋಡಿದರು. ನೋಟೀಸು ಹರಿದುಹಾಕಿದರು. ಸಾಲುಗಳ ನಡುವಿನ ಬಯಲಲ್ಲಿ ಎಲ್ಲರನ್ನೂ ಕೂರಿಸಿ ಒಂದು ಮಾತು ಕೊಟ್ಟರು: ಇನ್ನು ಚಾಳದಲ್ಲಿ ಏನು ಕಟ್ಟುವುದಿದ್ದರೂ, ಕೆಡವುವುದಿದ್ದರೂ, ಖಾಲಿ ಮನೆ ಯಾರಿಗೆ ಕೊಡುವುದಿದ್ದರೂ ಚಾಳದವರೇ ಆರಿಸಿದ ಐದು ಮಂದಿ ಪಂಚರು ಕೂತು ಠರಾವು ಮಾಡಬೇಕು, ದಿವಾಣಜಿ ಅದರಂತೆ ನಡೆಯಬೇಕು. ಆಮೇಲೆ ಶೇವಂತಿಯ ಕಡೆ ನೋಡಿ, "ಆ ಐದರಾಗ ಈಕಿ ಒಬ್ಬಾಕಿ ಇರಬೇಕು. ಉಳಿದ ನಾಕು ಮಂದಿ ನೀವು ಆರಿಸ್ಕೋರಿ," ಎಂದರು. ಗಂಡಸರು ಗುಸುಗುಸು ಅಂದರು. ಎದ್ದು ಬೇಡ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ತೇರದಾಳಕ್ಕೆ ಯಾರು ನಡೆದು ಹೋಗಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತಲ್ಲ.

ಆರಿಸಿಬಂದ ನಾಲ್ವರಲ್ಲಿ ಹಿರಿಯ ರಾಮಲಿಂಗಪ್ಪ. ಅವನಿಗೆ ಗತ್ತೂ ಇತ್ತು, ಕೆಲಸವೂ ಇತ್ತು. ನಿಂಗಣ್ಣನಿಗೆ ಓದು ಬರಹ ಬರುತ್ತಿತ್ತು, ಠರಾವಿನ ವಹಿ ಅವನ ಕೈಗೆ ಹೋಯಿತು. ಮಹಾಲಿಂಗಪ್ಪ ನಗಿಸುವ ಮನುಷ್ಯ. ಬಾಳು ಮಾತು ಕಡಿಮೆಯವನು, ಹಂಚು ಹೊದಿಸುವುದರಿಂದ ಹಿಡಿದು ಹಗ್ಗ ಹೊಸೆಯುವ ತನಕ ಎಲ್ಲ ಬಲ್ಲವನು. ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜೆ. ಅವತ್ತು ಮಧ್ಯಾಹ್ನ ನಿಂಗಣ್ಣನ ಮನೆಯಲ್ಲಿ ಪಂಚರು ಕೂಡುತ್ತಿದ್ದರು.

ಮೊದಲ ಎರಡು ವರ್ಷದಲ್ಲಿ ಇಪ್ಪತ್ನಾಲ್ಕು ಮನೆಗೂ ಕುಣಿಯಾಯಿತು. ಉದ್ದಕ್ಕೆ ನೂಲು ಎಳೆದು ಗಂಜಿ ಹಚ್ಚಲು ನಡುವಿನ ಓಣಿಯನ್ನು ಬೆಳಗಿನ ಹೊತ್ತು ಖಾಲಿ ಬಿಡಬೇಕು, ದನ ಕಟ್ಟಬಾರದು ಎಂದು ಠರಾವಾಯಿತು. ಕಿಟಕಿಗಳು ಮಗ್ಗದ ಕಡೆಗೆ ಬೆಳಕು ಬೀಳುವಂತೆ ದೊಡ್ಡವಾದವು. ಪಂಚರು ತಪ್ಪನ್ನೂ ಮಾಡಿದರು. ತಿಪ್ಪೆಗೆ ಜಾಗ ಗುರುತು ಮಾಡುವಾಗ ನೀರು ಹರಿಯುವ ಕಡೆ ನೋಡದೆ ಬಾವಿಯ ಮೇಲುಗಡೆಗೆ ಮಾಡಿ, ಮೊದಲ ಮಳೆಗೇ ಬಾವಿ ನೀರು ಕೆಟ್ಟು, ಚಾಳದ ಅರ್ಧ ಜನ ಹೊಟ್ಟೆ ಹಿಡಿದುಕೊಂಡರು. ಆ ಜಾಗ ತೋರಿಸಿದವಳು ಶೇವಂತಿಯೇ. ಎಲ್ಲರ ಕೈಲೂ ಬೈಸಿಕೊಂಡು, ಬಾವಿಯ ಕೆಟ್ಟ ನೀರು ತೋಡಿ ಹೂಳು ಬಳಿಯುವಾಗ ಕೆಸರಿನ ಬುಟ್ಟಿ ಹೊತ್ತಳು.

ಆ ದಿನಗಳಲ್ಲಿ ಹೊಳಬಸಪ್ಪ ಠರಾವಿನ ಪ್ರಕಾರ ಕೆಲಸ ಮಾಡಿಸುತ್ತಿದ್ದ. ಶೇವಂತಿಯ ಜೊತೆ ಮಾತಾಡುತ್ತಿರಲಿಲ್ಲ. ಹೇಳುವುದಿದ್ದರೆ ನಿಂಗಣ್ಣನಿಗೆ ಹೇಳುತ್ತಿದ್ದ. ಅವಳೂ ಅಷ್ಟೇ. ನೋಟೀಸು ಹರಿದಿತ್ತು, ಆದರೆ ಅದನ್ನು ರಾಚಪ್ಪನ ಆಡುವ ಎಡಗೈ ಹುಡುಕಿ ಇಟ್ಟಿದ್ದನ್ನು ಅವಳು ಮರೆಯಲಿಲ್ಲ.

ಐದಾರು ವರ್ಷ ಕಳೆದವು. ನೇಮಣ್ಣ ಸಾವಕಾರರು ತೀರಿಕೊಂಡರು, ಮಕ್ಕಳು ಪಾಲಾದರು. ಚಾಳ ಹಿರಿಯ ಮಗ ಭರತೇಶನ ಪಾಲಿಗೆ ಬಂತು. ರಬಕವಿಯಲ್ಲಿದ್ದ ಸಾವಕಾರರ ಸೀರೆಯ ಉಗ್ರಾಣ ಕಿರಿಯ ಮಗನಿಗೆ ಹೋಗಿ ಅವನು ಮಾರಿಬಿಟ್ಟ. ಹೊಳಬಸಪ್ಪ ಹೆಂಡತಿ ಮುತ್ತವ್ವನ ಜೊತೆ ಇದ್ದದ್ದು ಆ ಉಗ್ರಾಣದ ಒಂದು ಖೋಲಿಯಲ್ಲಿ. ಅಷ್ಟು ಹೊತ್ತಿಗೆ ಅವನ ಎರಡೂ ಕಣ್ಣಿಗೆ ಪೊರೆ ಬಂದು ಬರಹ ಬಿಟ್ಟುಹೋಗಿತ್ತು. ದಿವಾಣಜಿಯ ಕೆಲಸಕ್ಕೆ ಬೇರೆಯವನು ಬಂದಿದ್ದ. ಮಕ್ಕಳಿರಲಿಲ್ಲ. ಕೊಂಡುಕೊಂಡವನು ಮಳೆಗಾಲಕ್ಕೆ ಮೊದಲು ಖೋಲಿ ಬಿಡಿ ಎಂದ.

ಅದೇ ಬೇಸಗೆಯಲ್ಲಿ ಚಾಳದ ಹದಿನೇಳನೇ ನಂಬರಿನ ಮನೆಯವರು ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆಂದು ಮಗ್ಗ ಮಾರಿ ಹೊರಟುಹೋದರು. ಮನೆ ಖಾಲಿಯಾಯಿತು. ಎರಡು ಅರ್ಜಿ ಬಂದವು. ಒಂದು ರಾಮಲಿಂಗಪ್ಪನ ತಮ್ಮನ ಮಗನದು. ಆ ಹುಡುಗ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು, ದೊಡ್ಡಪ್ಪನ ಮನೆಯಲ್ಲೇ ನೇಯುತ್ತಿದ್ದ. ಇನ್ನೊಂದು ಹೊಳಬಸಪ್ಪನದು. ಅವನು ಮೊದಲು ತೇರದಾಳಕ್ಕೆ ಹೋಗಿ ಭರತೇಶ ಸಾವಕಾರನನ್ನೇ ಕೇಳಿದ್ದನಂತೆ. "ಅಪ್ಪ ಮಾತ ಕೊಟ್ಟಾನ. ನಾ ಮುರ್ಯಾಂವ ಅಲ್ಲ. ಪಂಚರನ್ನ ಕೇಳ್ರಿ," ಎಂದನಂತೆ ಸಾವಕಾರ.

ಅಮಾವಾಸ್ಯೆಯ ದಿನ ಪಂಚರು ಕೂತರು. ನಿಂಗಣ್ಣ ಎರಡೂ ಅರ್ಜಿ ಓದಿದ. ಹೊಳಬಸಪ್ಪನ ಹೆಸರು ಬರುತ್ತಲೂ ಮಹಾಲಿಂಗಪ್ಪ ತೊಡೆ ತಟ್ಟಿಕೊಂಡು ನಕ್ಕ.

"ಬರೀ ನಿಂಗಣ್ಣ, ಎಂಟು ದಿನದಾಗ ಊರ ಬಿಡು ಅಂತ ನಾವ ಅವಗೊಂದು ನೋಟೀಸ ಕೊಡೂಣು!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಶೇವಂತಿ ನಕ್ಕಳು. ಇಷ್ಟು ವರ್ಷ ಎದೆಯಲ್ಲಿ ಕೂತಿದ್ದ ಮುಳ್ಳೊಂದು ತಾನೇ ಹೊರಗೆ ಬಂದಂತೆ ಹಿತವೆನಿಸಿತು ಅವಳಿಗೆ.

"ಇದರಾಗ ಮಾತಾಡೂದೇನೈತಿ?" ಎಂದ ರಾಮಲಿಂಗಪ್ಪ. "ನಮ್ಮ ಹುಡುಗ ನೇಕಾರ. ಚಾಳ ನೇಕಾರರದ್ದು. ಆತು, ಠರಾವ ಬರದ ಮುಗಸ್ರಿ."

ನಿಂಗಣ್ಣ ಟಾಕನ್ನು ಶಾಯಿಗೆ ಅದ್ದಿದ. ಶೇವಂತಿಯ ನಗು ಅಷ್ಟರಲ್ಲಿ ನಿಂತಿತ್ತು. ತಾವು ನಕ್ಕದ್ದು ಇಷ್ಟು ಬೇಗ ಠರಾವಾಗುತ್ತದೆ ಎಂದು ಅವಳು ಎಣಿಸಿರಲಿಲ್ಲ. ಟಾಕಿನ ತುದಿಯಿಂದ ಶಾಯಿ ಕಾಗದಕ್ಕೆ ಇಳಿಯುವುದಕ್ಕೆ ಮುಂಚೆ, "ನಿಂಗಣ್ಣ, ತಡಿ," ಎಂದಳು.

"ಯಾಕ?"

"ಅರ್ಜಿ ಹಾಕಿದಾವ್ರನ್ನ ಕರದ ಕೇಳಬೇಕು. ಹುಡುಗನ್ನೂ ಕೇಳೂಣು, ಮುದುಕನ್ನೂ ಕೇಳೂಣು. ನಮ್ಮನ್ನ ಒಂದ ಮಾತ ಕೇಳದ ಮನಿ ಕಟ್ಟಿದ್ರು ಅಂತ ನಾವ ಎಷ್ಟ ಮಾತಾಡೀವಿ!"

"ನಿನಗೇನ ಹುಚ್ಚ ಹಿಡದೈತೇನ?" ಎಂದ ಮಹಾಲಿಂಗಪ್ಪ. "ಅಂವ ನಿನ್ನ ಹೊರಗ ಹಾಕಾಕ ನಿಂತಿದ್ದ."

"ಹೌದು. ಅದಕ್ಕ ನನ್ನ ಮುಂದ ಏನ ಹೇಳ್ತಾನ ಕೇಳೂಣು ಅಂತ."

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಅವನು ತನ್ನೆದುರು ಕೂತು ಬೇಡುವುದನ್ನು ನೋಡಬೇಕೆಂಬ ಆಸೆಯೂ ಅದರಲ್ಲಿ ಅರ್ಧ ಪಾಲಿತ್ತು. ಅದು ಅವಳಿಗೂ ಗೊತ್ತಿತ್ತು.

ಇಬ್ಬರಿಗೂ ಹೇಳಿ ಕಳಿಸಿದರು. ಮೊದಲು ರಾಮಲಿಂಗಪ್ಪನ ತಮ್ಮನ ಮಗ ಬಂದು, ದೊಡ್ಡಪ್ಪನ ಮುಖ ನೋಡುತ್ತ, ಮನೆ ಕೊಟ್ಟರೆ ಉಪಕಾರವಾಗುತ್ತದೆ ಎಂದಷ್ಟೇ ಹೇಳಿ ಹೋದ. ಆಮೇಲೆ ಹೊಳಬಸಪ್ಪ ಬಂದ. ಮುತ್ತವ್ವ ರಟ್ಟೆ ಹಿಡಿದು ಹೊಸ್ತಿಲು ದಾಟಿಸಿದಳು. ರುಮಾಲು ಅದೇ, ಸುತ್ತಿದ್ದು ಮಾತ್ರ ಹೆಂಡತಿಯ ಕೈ ಇರಬೇಕು, ಸಡಿಲವಾಗಿತ್ತು. ಬಾಳು ಎದ್ದು ಅವನನ್ನು ಜಮಖಾನೆಯ ಮೇಲೆ ಕೂರಿಸಿದ.

"ನಾನು ನೇಕಾರ ಅಲ್ಲ," ಎಂದು ಹೊಳಬಸಪ್ಪ ತಾನೇ ಸುರುಮಾಡಿದ. "ಹೊಳ್ಯಾಗ ನಂದೇನೂ ಹೋಗಿಲ್ಲ. ಕಾಯ್ದೆ ಹಿಡದ್ರ ನನಗ ಮನಿ ಬರೂದಿಲ್ಲ. ಕಾಯ್ದೆ ಬರದಾಂವ ನಾನ, ನನಗ ಗೊತ್ತಿಲ್ಲೇನು? ಆದ್ರ ಹೋಗಾಕ ಜಾಗಾ ಇಲ್ಲ. ಅದಕ್ಕ ಕೇಳಾಕ ಬಂದೀನಿ."

"ಶೇವಂತಿಗೆ ನೋಟೀಸ ಕೊಟ್ಟಿದ್ರೆಲ್ಲ, ಅದಕ್ಕೇನ ಹೇಳ್ತೀರಿ?" ಎಂದ ಮಹಾಲಿಂಗಪ್ಪ.

ಹೊಳಬಸಪ್ಪ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಶೇವಂತಿ ಎಲ್ಲಿ ಕೂತಿದ್ದಾಳೆಂದು ಅವನಿಗೆ ಕಾಣುತ್ತಿರಲಿಲ್ಲ.

"ಕೊಟ್ಟಿದ್ದೆ. ಫರಸಿ ಕಾಯಾಕ ಧಣ್ಯಾರು ಅನ್ನ ಹಾಕ್ತಿದ್ರು. ಮತ್ತ ಅದ ಕೆಲಸ ಸಿಕ್ಕ್ರ ಮತ್ತ ಹಂಗ ಮಾಡ್ತಿದ್ನೋ ಏನೋ. ಸುಳ್ಳ ಯಾಕ ಹೇಳ್ಲಿ."

 ತಪ್ಪಾಯಿತು ಅನ್ನಬಹುದಿತ್ತು ಮುದುಕ, ಅನ್ನಲಿಲ್ಲ. ಆಗ ಗೋಡೆಗೆ ಒರಗಿ ನಿಂತಿದ್ದ ಮುತ್ತವ್ವ ಸೆರಗು ಸರಿಮಾಡಿಕೊಂಡಳು. ಅವಳು ಮಾತಾಡುತ್ತಾಳೆಂದು ಯಾರೂ ಎಣಿಸಿರಲಿಲ್ಲ.

"ನಂದೂ ಒಂದ ಮಾತೈತ್ರಿ. ಅವ್ರು ಕೊಟ್ಟಿರಬೇಕು. ನಾ ಯಾರಿಗೂ ನೋಟೀಸ ಕೊಟ್ಟಿಲ್ಲ. ಅವ್ರು ಮನಿಗೆ ಬಂದು ಇವತ್ತ ಯಾರನ್ನ ಏನ ಮಾಡಿದ್ನಿ ಅಂತ ನನ್ನ ಕೇಳಿದ್ದೂ ಇಲ್ಲ. ಈಗ ಬಯಲಿಗೆ ಬೀಳೂ ಮುಂದ ನಾನೂ ಬೀಳಬೇಕು. ಇದ ನ್ಯಾಯ ಅಂತೀರೇನು, ನೀವ ಹೇಳ್ರಿ."

ಉತ್ತರಕ್ಕೆ ಕಾಯದೆ ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು. ಮುದುಕ ಮುದುಕಿ ಹೊರಗೆ ಹೋದರು. ರಾಮಲಿಂಗಪ್ಪ ವಹಿಯ ಕಡೆ ಕೈ ತೋರಿಸಿದ.

"ಕೇಳಿದ್ದಾತಲ್ಲ. ಈಗ ಕೈ ಎತ್ತೂಣು."

"ಕಾಕಾ," ಎಂದಳು ಶೇವಂತಿ, "ಸಿಟ್ಟಾಗಬ್ಯಾಡ್ರಿ. ನಿಮ್ಮ ತಮ್ಮನ ಮಗನ ಮಾತೈತಿ. ನೀವು ಕೈ ಎತ್ತೂದು ಛಂದ ಕಾಣೂದಿಲ್ಲ. ಹೊರಗ ಕುಂತ್ರ ಛಲೋ."

ರಾಮಲಿಂಗಪ್ಪನ ಮುಖ ಕೆಂಪಾಯಿತು. "ನನಗ ನ್ಯಾಯಾ ಕಲಸ್ತೀ ಏನಬೇ? ಹಂಗಂದ್ರ ನೀನೂ ಏಳು! ಅವಂದು ನಿಂದು ಹಗೆತನ ಐತಿ. ಹಗೆತನ ಇದ್ದಾಕಿ ಕೈ ಎತ್ತೂದು ಛಂದ ಕಾಣ್ತೈತೇನು?"

  ಸಿಟ್ಟಿನಲ್ಲಿ ಆಡಿದ್ದಾದರೂ ಅದು ಖರೆ ಮಾತಾಗಿತ್ತು.

"ಹೌದು ಕಾಕಾ. ನಾನೂ ಏಳ್ತೀನಿ," ಎಂದು ಎದ್ದಳು.

ಇಬ್ಬರೂ ಹೊರಗೆ ಬಂದರು. ಬಾವಿಯ ಪಕ್ಕದಲ್ಲಿ ಬೇವಿನ ಮರವಿತ್ತು. ಅದರ ಕೆಳಗೆ ದನಗಳಿಗೆ ನೀರು ತುಂಬುವ ಕಲ್ಲಿನ ದೋಣಿಯ ಒಂದು ತುದಿಗೆ ರಾಮಲಿಂಗಪ್ಪ ಕೂತ, ಇನ್ನೊಂದು ತುದಿಗೆ ಶೇವಂತಿ. ಮಗ್ಗಗಳ ಸದ್ದಿಲ್ಲದ ದಿನ. ನಿಂಗಣ್ಣನ ಮನೆಯೊಳಗಿನ ಮಾತು ಕೇಳುತ್ತಿತ್ತು, ಆದರೆ ಏನೆಂದು ತಿಳಿಯುತ್ತಿರಲಿಲ್ಲ. ದೂರದಲ್ಲಿ ಮುತ್ತವ್ವ ಗಂಡನನ್ನು ಒಂದು ಜಗುಲಿಯ ನೆರಳಿಗೆ ಕೂರಿಸಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

ರಾಮಲಿಂಗಪ್ಪ ಆ ಕಡೆ ನೋಡುತ್ತ ಕೇಳಿದ, "ಒಳಗ ಇದ್ದಿದ್ರ ಏನಂತಿದ್ದಿ?"

"ಗೊತ್ತಿಲ್ಲ ಕಾಕಾ. ಅವನ ಮಾರಿ ನೋಡಿದಾಗ ಬ್ಯಾಡ ಅಂತಿದ್ನಿ. ಆಕಿ ಮಾತ ಕೇಳಿದಾಗ ಹೂಂ ಅಂತಿದ್ನಿ."

"ನಮ್ಮದೂ ಸುಮ್ಮನ ಆಸೆ ಅಂತ ತಿಳೀಬ್ಯಾಡ." ಮುದುಕ ದನಿ ತಗ್ಗಿಸಿದ. "ಒಂದ ಖೋಲ್ಯಾಗ ಎಂಟು ಮಂದಿ. ಎರಡು ಮಗ್ಗ. ಆ ಸೊಸಿ ಹುಡುಗಿ ಸೀರಿ ಬದಲ ಮಾಡಬೇಕಂದ್ರ ನಾವೆಲ್ಲಾರೂ ಹೊರಗ ಬರಬೇಕು. ನಾಚಿಕಿಗೆ ಆಕಿ ಹಸೀ ಸೀರಿ ಮೈಮ್ಯಾಲ ಒಣಗಿಸ್ಕೋತಾಳ. ಮೊನ್ನಿ ಜ್ವರ ಬಂದಿತ್ತು."

ಶೇವಂತಿಗೆ ಅದು ಗೊತ್ತಿರಲಿಲ್ಲ. ನಾಲ್ಕು ಮನೆ ಆಚೆಗಿದ್ದವಳು, ದಿನಾ ಬಾವಿಯಲ್ಲಿ ಆ ಹುಡುಗಿಯನ್ನು ನೋಡುವವಳು, ಗೊತ್ತಿರಲಿಲ್ಲ. "ಮೊದಲ ಹೇಳಬಾರ್ದೇನ ಕಾಕಾ, ಪಂಚರ ಮುಂದ?" ಎಂದಳು.

"ಮನಿ ಮಾತು ಹ್ಯಾಂಗ ಹೇಳೂದು?"

ಒಂದು ಮನೆ, ಕೇಳುವವರು ಇಬ್ಬರು, ಇಬ್ಬರದೂ ಸುಳ್ಳಲ್ಲ. ಇಷ್ಟು ವರ್ಷ ತಮ್ಮನ್ನು ಕೇಳಲಿಲ್ಲ ಎಂದು ಮೇಲಿನವರ ಮೇಲೆ ಸಿಟ್ಟಾಗುವುದು ಸುಲಭವಿತ್ತು. ಈಗ ತಾವೇ ಹೇಳಬೇಕಾದವರು. ತಾನು ಒಳಗಿಲ್ಲ ಎಂಬುದಕ್ಕೆ ಅವಳಿಗೆ ಸಮಾಧಾನವೂ ಆಯಿತು. ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ನೆರಳು ಬಾವಿಯ ಕಟ್ಟೆ ದಾಟುವ ಹೊತ್ತಿಗೆ ನಿಂಗಣ್ಣ ಬಾಗಿಲಿಗೆ ಬಂದು ಎಲ್ಲರನ್ನೂ ಕರೆದ. ನಿಂತುಕೊಂಡೇ ಠರಾವು ಓದಿದ. ಹದಿನೇಳನೇ ನಂಬರಿನ ಮನೆಯನ್ನು ಮುತ್ತವ್ವ ಎಂಬ ಹೆಣ್ಣುಮಗಳಿಗೆ, ಆಕೆಯ ಹೆಸರಿನಲ್ಲೇ, ಆಕೆ ಇರುವ ತನಕ ಕೊಡುವುದು. ಚಾಳ ನೂಲಿನ ಕೆಲಸದವರದ್ದಾದ ಕಾರಣ ಆಕೆ ಕಂಡಿಕೆ ಸುತ್ತುವುದು ಕಲಿಯಬೇಕು. ಮುಂದೆ ಮೊದಲು ಖಾಲಿಯಾಗುವ ಮನೆ ರಾಮಲಿಂಗಪ್ಪನ ತಮ್ಮನ ಮಗನಿಗೆ. ಅಲ್ಲಿಯವರೆಗೆ ರಾಮಲಿಂಗಪ್ಪನ ಮನೆಯ ಹಿಂದೆ ಮಳೆಗಾಲಕ್ಕೆ ಮೊದಲು ಒಂದು ಖೋಲಿ ಎಬ್ಬಿಸಿಕೊಡುವುದು. ಕಲ್ಲು ಮಣ್ಣು ಸಾವಕಾರರಲ್ಲಿ ಕೇಳುವುದು, ದುಡಿತ ಮನೆಗೊಂದು ಆಳು. ಇಬ್ಬರು ಹೌದು ಎಂದರು, ಮಹಾಲಿಂಗಪ್ಪ ಅಲ್ಲ ಎಂದ.

ಆಮೇಲೆ ಗೊತ್ತಾಯಿತು, ಮುತ್ತವ್ವನ ಹೆಸರು ಸೂಚಿಸಿದವನು ಬಾಳು. "ಕೇಳಿದ್ದಕ್ಕ ಉತ್ತರಾ ಕೊಡಬೇಕಲ್ಲ. ಆಕಿ ಕೇಳಿದ್ದಕ್ಕ ನನ್ನ ಹತ್ರ ಉತ್ತರಾ ಇರಲಿಲ್ಲ," ಎಂದಷ್ಟೇ ಹೇಳಿದನಂತೆ.

ರಾಮಲಿಂಗಪ್ಪ ನೆಟ್ಟಗೆ ಮನೆಗೆ ಹೋದ. ಶೇವಂತಿಯೂ ಹೋದಳು. ಮರುದಿನ ಬೆಳಗ್ಗೆ ಮಗ್ಗಕ್ಕೆ ಕೂತರೆ ನೂಲು ಮೂರು ಸಲ ಕಡಿಯಿತು. ಎಡಗೈಯಲ್ಲಿ ಕಂಡಿಕೆ ಸುತ್ತುತ್ತಿದ್ದ ರಾಚಪ್ಪ ನೋಡಿ ನೋಡಿ ಕೇಳಿದ.

"ಯಾರ ಮ್ಯಾಲ ಸಿಟ್ಟು?"

"ಗೊತ್ತಿಲ್ಲ. ಅಂವ ನಮ್ಮ ಚಾಳದಾಗ ಇರ್ತಾನ ಇನ್ನ. ದಿನಾ ಮಾರಿ ನೋಡಬೇಕು."

"ಕೇಳ್ರಿ ಅಂದಾಕಿ ನೀನ. ಅವ್ರು ಕೇಳಿದ್ರು. ನೀ ನೆನಸಿದ್ದ ಆಗಬೇಕಿತ್ತಂದ್ರ ಕೇಳ್ರಿ ಅನ್ನಬಾರ್ದಿತ್ತು."

"ನೆನಸಿದ್ದು ಏನಂತ ನನಗ ಗೊತ್ತಿದ್ರಲ್ಲ," ಎಂದು ಶೇವಂತಿ ಕಡಿದ ಎಳೆ ಹೊಸೆದಳು.

ಹಿಂದಿನ ಖೋಲಿ ಮೃಗಶಿರಾ ಮಳೆಗೆ ನಾಲ್ಕು ದಿನ ಮುಂಚೆ ಮುಗಿಯಿತು. ಶೇವಂತಿ ತನ್ನ ಪಾಲಿನದಲ್ಲದೆ ಗಂಡನ ಪಾಲಿನದೆಂದೂ ಎರಡು ದಿನ ಹೆಚ್ಚಿಗೆ ಮಣ್ಣು ಹೊತ್ತಳು. ರಾಮಲಿಂಗಪ್ಪನ ಮನೆಯ ಹೆಂಗಸರು ಅವಳಿಗೆ ನೀರು ಕೊಡುತ್ತಿದ್ದರು, ಮಾತು ಕೊಡುತ್ತಿರಲಿಲ್ಲ. ಖೋಲಿಯ ಬಾಗಿಲಿಗೆ ಅಗಳಿ ಕೂರಿಸಿದ ದಿನ ಆ ಸೊಸೆ ಹುಡುಗಿ ಒಳಗೆ ಹೋಗಿ ಅಗಳಿ ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು. ಹೊರಗೆ ಬಂದು ಮಣ್ಣಿನ ಕೈ ತೊಳೆಯುತ್ತಿದ್ದ ಶೇವಂತಿಗೆ, "ಅತ್ತಿ, ಚಾ ಕುಡದ ಹೋಗ್ರಿ," ಎಂದಳು. ರಾಮಲಿಂಗಪ್ಪ ಅವಳನ್ನು ಮಾತಾಡಿಸಲು ಮಾತ್ರ ಮುಂದಿನ ದಸರೆಯೇ ಬರಬೇಕಾಯಿತು.

ಮುತ್ತವ್ವ ಕಂಡಿಕೆ ಸುತ್ತಲು ಕಲಿತಳು. ಕಲಿಸಿದವನು ರಾಚಪ್ಪ. ಒಂದು ಕೈಯವನು ಕಲಿಸಿದ್ದರಿಂದಲೋ ಏನೋ ಅವಳ ಕಂಡಿಕೆಗಳು ಸ್ವಲ್ಪ ದಿನ ಒಂದೇ ಕಡೆ ದಪ್ಪ ಬಂದು ಲಾಳಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು; ಚಾಳದವರು ಗೊಣಗುತ್ತ ತೆಗೆದುಕೊಂಡರು.

ಶ್ರಾವಣದಲ್ಲಿ ಮೂರು ದಿನ ಎಡೆಬಿಡದೆ ಮಳೆ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಶೇವಂತಿ ನೇಯುತ್ತಿದ್ದಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಹೊಳಬಸಪ್ಪ. ಗೋಣಿಚೀಲದ ಕೊಪ್ಪೆ ಹೊದ್ದು, ಗೋಡೆ ಹಿಡಿದುಕೊಂಡು ಒಬ್ಬನೇ ಬಂದಿದ್ದ. ಹೊಸ್ತಿಲ ಹೊರಗೇ ನಿಂತ.

"ಶೇವಂತವ್ವಾ, ಮನ್ಯಾಗ ಇದ್ದೀಯೇನ?"

ಅವನ ಬಾಯಲ್ಲಿ ಹೆಸರಿನ ಕೊನೆಗೆ 'ಅವ್ವ' ಬಂದದ್ದು ಅದೇ ಮೊದಲು. ಶೇವಂತಿ ಲಾಳಿ ನಿಲ್ಲಿಸಿದಳು.

"ಅದೀನಿ. ಹೇಳ್ರಿ."

"ಮನಿ ಸೋರಾಕತ್ತೈತಿ. ಮುತ್ತವ್ವ ಸುತ್ತಿಟ್ಟ ನೂಲೆಲ್ಲಾ ತೊಯ್ತು. ಪಂಚರಿಗೆ ಹೇಳಬೇಕಂದ್ರ ಅಮಾಸಿ ಇನ್ನ ಹತ್ತ ದಿನ ಐತಿ. ಕಾಯ್ದೆ ಪ್ರಕಾರ ಕಾಯಬೇಕೇನು?"

ಅವನು ಚುಚ್ಚಿ ಕೇಳಿದನೋ ನಿಜವಾಗಿಯೇ ಕೇಳಿದನೋ ಅವಳಿಗೆ ತಿಳಿಯಲಿಲ್ಲ. ಆ ಮುಖದಲ್ಲಿ ಮೊದಲಿನಿಂದಲೂ ಏನೂ ತಿಳಿಯುತ್ತಿರಲಿಲ್ಲ. ಕುಣಿಯಿಂದ ಕಾಲು ಮೇಲೆತ್ತಿ ಎದ್ದಳು.

"ಎಲ್ಲಿ ಸೋರಾಕತ್ತೈತಿ?"

"ನನಗ ಕಾಣೂದಿಲ್ಲ. ಸಪ್ಪಳ ಕೇಳಸ್ತೈತಿ. ಕಿಟಕಿ ಕಡೆ ಎರಡು ಜಾಗಾ, ಒಲಿ ಹತ್ರ ಒಂದು."

"ಒಲಿ ಹತ್ರ ಅಂದ್ರ ಮೂಲಿಹಂಚು ಸರದಿರಬೇಕು. ನಡೀರಿ, ನೋಡೂಣು. ಬಾಳುನ್ನ ಕರೀತೀನಿ, ಮಳಿ ನಿಂತ ಕೂಡಲೇ ಹತ್ತಲಿ." ಹೊಸ್ತಿಲ ಆಚೆ ಓಣಿಯಲ್ಲಿ ನೀರು ಹರಿಯುತ್ತಿತ್ತು. ಮುದುಕ ಕೋಲಿನಿಂದ ಮೆಟ್ಟಿಲು ಹುಡುಕುತ್ತಿದ್ದ. ಶೇವಂತಿ ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ಅವನ ರಟ್ಟೆ ಹಿಡಿದುಕೊಂಡಳು.

"ಇಲ್ಲಿ ತಗ್ಗೈತಿ. ಎಡಕ್ಕ ಬರ್ರಿ."